ತಂತಿ ಇಲ್ಲದೆ ಹತ್ತಿದ ದೀಪ

ಸಕ್ಕರೆ ಕಾರ್ಖಾನೆಯೊಳಗೆ ಒಮ್ಮೆ ಕಾಲಿಟ್ಟು ಬಂದವರು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವಾಗ ಎರಡು ಸಲ ವಿಚಾರ ಮಾಡುತ್ತಾರೆ. ನಾನು ಹನ್ನೊಂದು ವರ್ಷ ಅದರೊಳಗೆ ಇದ್ದೆ. ಕಾಕಂಬಿಯ ಹುಳಿ ವಾಸನೆ, ಕಬ್ಬಿನ ಒಣ ಎಲೆ ಅಂದರೆ ರವದಿ ಕೊಳೆತದ್ದು, ಕೇಬಲ್ ಹಾಯುವ ಗಟಾರಿನಲ್ಲಿ ತಂಬಾಕಿನ ಉಗುಳು, ಆ ಉಗುಳಿನ ಮೇಲೆ ನೊಣ, ನೊಣದ ಹಿಂದೆ ಹಲ್ಲಿ. ಯಾರನ್ನು ಕೇಳಿದರೂ "ಕಾರ್ಖಾನಿ ಅಂದಮ್ಯಾಲ ಇರೂದ ಹಂಗರಿ" ಅನ್ನುತ್ತಿದ್ದರು. ಥೂ! ಇರುವುದೇ ಹಾಗೆ ಅನ್ನುವ ಆ ಒಂದು ಮಾತಿನ ಹಿಂದೆ ನಮ್ಮ ಜನ ಏನೇನು ಮುಚ್ಚಿಡುತ್ತಾರೆ ಅನ್ನುವುದು ೨೦೦೮ರ ಹಂಗಾಮಿನಲ್ಲಿ ನನಗೆ ತಿಳಿಯಿತು.

ನನ್ನ ಹೆಸರು ನೀಲಕಂಠ, ಬನಹಟ್ಟಿಯವನು. ನಮ್ಮದು ನೇಕಾರರ ಮನೆ. ನಮ್ಮಪ್ಪ ಪವರ್‌ಲೂಮಿನ ಎದುರು ಕಣ್ಣು ಮುಚ್ಚಿ ನಿಂತು, ಸಪ್ಪಳ ಕೇಳಿಯೇ "ಎಡಕಿನ ನಟ್ಟು ಸಡಲೈತಿ" ಅನ್ನುತ್ತಿದ್ದ. ನಾನು ಡಿಪ್ಲೊಮಾ ಓದಿ, ಸಪ್ಪಳವೇ ಮಾಡದ ಯಂತ್ರದ ಕೆಲಸಕ್ಕೆ ಬಿದ್ದೆ. ಮುಧೋಳದಿಂದ ಜಮಖಂಡಿ ಕಡೆ ಹೋಗುವ ಹಾದಿಯಿಂದ ಸ್ವಲ್ಪ ಒಳಗೆ ಒಂದು ಕಾರ್ಖಾನೆ, ಅದರ ಹೆಸರು ಇಲ್ಲಿ ಬೇಡ. ಅಲ್ಲಿ ನಾನು ಇನ್‌ಸ್ಟ್ರುಮೆಂಟ್ ವಿಭಾಗದ ಫೋರಮನ್. ಅಲ್ಲಿರುವ ಪಿ.ಎಲ್.ಸಿ.ಗಳೆಲ್ಲ ನನ್ನ ಕೈಯಲ್ಲಿದ್ದವು. ಪಿ.ಎಲ್.ಸಿ. ಅಂದರೆ ದೊಡ್ಡ ವಿದ್ಯೆಯೇನಲ್ಲ. ಒಂದು ಕಬ್ಬಿಣದ ಕಪಾಟು. ಅದರೊಳಗೆ ಅಂಗೈ ಅಗಲದ ಕಾರ್ಡುಗಳ ಸಾಲು. ಹೊರಗಿನ ಗುಂಡಿಗಳ ತಂತಿಗಳು ಬಂದು ಆ ಕಾರ್ಡಿಗೆ ಸೇರುತ್ತವೆ. ಗುಂಡಿ ಒತ್ತಿದರೆ ಕಾರ್ಡಿನ ಮೇಲೆ ಅದರ ನಂಬರಿನ ಸಣ್ಣ ಹಸಿರು ದೀಪ ಹತ್ತುತ್ತದೆ, ಪೆಟ್ಟಿಗೆ "ಓಹೋ, ಚಾಲೂ ಮಾಡು ಅಂದರು" ಅಂದುಕೊಂಡು ಮೋಟರ್ ತಿರುಗಿಸುತ್ತದೆ. ಅಷ್ಟೇ. ಅದಕ್ಕೆ ಕಣ್ಣಿಲ್ಲ. ದೀಪ ಹತ್ತಿತೆಂದರೆ ಗುಂಡಿ ಒತ್ತಿದರು ಅಂತಲೇ ಅದರ ಲೆಕ್ಕ.

ಅಮಸಿದ್ದಪ್ಪ ಕಬ್ಬಿನ ಕ್ಯಾರಿಯರ್ ನಡೆಸುವ ಆಪರೇಟರ್. ಕ್ಯಾರಿಯರ್ ಅಂದರೆ ಗಾಡಿಯಿಂದ ಬಿದ್ದ ಕಬ್ಬನ್ನು ಗಾಣದ ಬಾಯಿಗೆ ಎಳೆದೊಯ್ಯುವ ದಪ್ಪ ಕಬ್ಬಿಣದ ಸರಪಳಿ. ಅಮಸಿದ್ದಪ್ಪ ಐವತ್ತು ದಾಟಿದ ಮನುಷ್ಯ, ಬೀಳಗಿ ಕಡೆಯ ಕುರುಬರವನು, ಬೀರೇಶ್ವರನ ಒಕ್ಕಲು. ಹಣೆಯ ಮೇಲೆ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಇಲ್ಲದ ದಿನವನ್ನು ನಾನು ನೋಡಿಲ್ಲ. ಅವನ ಕೆಳಗೆ ಸರಪಳಿ ಸ್ವಚ್ಛ ಮಾಡುವ ಕೆಲಸ ಹಾಲೇಶನದು. ಹಾಲೇಶ ಬೇರೆ ಯಾರೂ ಅಲ್ಲ, ಅಮಸಿದ್ದಪ್ಪನ ಸ್ವಂತ ತಂಗಿ ಹಣಮವ್ವನ ಗಂಡ. ಆ ಕೆಲಸಕ್ಕೆ ಹಚ್ಚಿದವನೂ ಅಮಸಿದ್ದಪ್ಪನೇ.

ಸರಪಳಿಯಲ್ಲಿ ಏನಾದರೂ ಸಿಕ್ಕಿಕೊಂಡರೆ, ಕೈ ಹಾಕುವ ಮೊದಲು ಮೋಟರಿನ ಕರೆಂಟು ತೆಗೆಸಿ ಅದಕ್ಕೆ ಕೀಲಿ ಜಡಿಯಬೇಕು ಅನ್ನುವುದು ನಿಯಮ. ಗೋಡೆಯ ಮೇಲೆ ಬಣ್ಣದಲ್ಲಿ ಬರೆದೂ ಇತ್ತು. ಅದಕ್ಕೆ ಇಪ್ಪತ್ತು ನಿಮಿಷ ಬೇಕು. ಇಪ್ಪತ್ತು ನಿಮಿಷ ಗಾಣ ನಿಂತರೆ ಚೀಫ್ ಇಂಜಿನಿಯರ್ ಮಾಂತೇಶ ಸಾಹೇಬರ ಬಾಯಿಯಿಂದ ಬರುವ ಮಾತುಗಳನ್ನು ಬರೆಯುವುದಕ್ಕೆ ಗೋಡೆ ಸಾಲದು. ಆದ್ದರಿಂದ ನಮ್ಮ ಜನ ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಮೇಲೆ ಗಾಜಿನ ಕ್ಯಾಬಿನ್‌ನಲ್ಲಿ ಕೂತ ಆಪರೇಟರ್ ಕ್ಯಾರಿಯರ್ ನಿಲ್ಲಿಸಿ, ಎರಡೂ ಕೈ ತಲೆಯ ಮೇಲೆತ್ತಿ ನಿಲ್ಲುವುದು. ಕೈ ಮೇಲಿದ್ದರೆ ಗುಂಡಿಯ ಮೇಲಿಲ್ಲ ಅಂತ ಅರ್ಥ. ಕೆಳಗಿನವನು ಆ ಎರಡು ಕೈ ನೋಡಿ ಬಗ್ಗುವುದು. ಹನ್ನೊಂದು ವರ್ಷ ನಾನು ಅದನ್ನು ಕಂಡಿದ್ದೇನೆ. ಕಂಡು ಸುಮ್ಮನಿದ್ದೇನೆ, ಇರುವುದೇ ಹಾಗೆ ಅಂತ.

ಡಿಸೆಂಬರಿನ ಒಂದು ಮುಂಜಾನೆ, ಏಳೂವರೆಯ ಹೊತ್ತು. ಹೊಳೆಯ ಕಡೆಯಿಂದ ಮಂಜು ಎದ್ದು ಕಾರ್ಖಾನೆಯ ಉಗಿಯ ಜೊತೆ ಕೂಡಿಕೊಂಡಿತ್ತು. ಸರಪಳಿಯಲ್ಲಿ ಕಬ್ಬಿಣದ ತುಂಡೊಂದು ಸಿಕ್ಕಿತು. ಅಮಸಿದ್ದಪ್ಪ ನಿಲ್ಲಿಸಿದ. ಹಾಲೇಶ ಮೇಲೆ ನೋಡಿ, ಬಗ್ಗಿ, ಬಲಗೈ ಒಳಗೆ ಹಾಕಿದ. ಸರಪಳಿ ಹೊರಟಿತು. ನಾಲ್ಕು ಬೆರಳು ಹೋದವು.

ಹಾಲೇಶನನ್ನು ಮಿರಜಿನ ದವಾಖಾನೆಗೆ ಒಯ್ದರು. ನಾನೂ ಅಮಸಿದ್ದಪ್ಪನೂ ಹಿಂದಿನ ಜೀಪಿನಲ್ಲಿ ಹೋದೆವು. ಹಣಮವ್ವ ಗಂಡನ ಗಾಡಿಯಲ್ಲೇ ಬಂದಿದ್ದಳು. ಅಳುತ್ತಿರಲಿಲ್ಲ. ಅಣ್ಣನನ್ನು ಕಂಡವಳೇ ಬಾಗಿಲಿಗೆ ಅಡ್ಡ ನಿಂತಳು.

"ಅಣ್ಣಾ, ಒಂದ ಮಾತ ಹೇಳು. ಗುಂಡಿ ಒತ್ತಿದೇನು?"

"ಇಲ್ಲ ಬೇ ತಂಗಿ. ಬೀರದೇವ್ರ ಆಣಿ ಐತಿ, ಎರಡೂ ಕೈ ಮ್ಯಾಲ ಎತ್ತಿದ್ನಿ."

"ಹಂಗಾರ ಮಷೀನ ತಾನ ಹೊಂಟಿತೇನು? ಅದಕ್ಕೇನ ದೆವ್ವ ಹೊಕ್ಕಿತ್ತೇನು?"

ಅಮಸಿದ್ದಪ್ಪ ಬಾಗಿಲ ಕಡೆ ಹೆಜ್ಜೆ ಇಟ್ಟ. ಆಕೆ ಅವನನ್ನು ಒಳಗೆ ಬಿಡಲಿಲ್ಲ. "ಖರೆ ಹೇಳೂ ದಿನ ಬಾ. ಅಲ್ಲೀತನಕ ನನಗ ಅಣ್ಣ ಇಲ್ಲ" ಅಂದಳು. ವಾಪಸು ಬರುತ್ತ ಜಮಖಂಡಿ ಮುಟ್ಟಿದೆವು. ಅಲ್ಲಿ ಅಮಸಿದ್ದಪ್ಪ ನನ್ನ ಕಡೆ ತಿರುಗಿ ಕೇಳಿದ.

"ಫೋರಮನ್ ಸಾಹೇಬ್ರ, ನಿಮಗ ಗೊತ್ತಿರತೈತಿ. ಆ ಪೆಟಗಿ ತಾನ ಚಾಲೂ ಮಾಡತೈತೇನ್ರಿ? ಮಾಡತೈತಿ ಅಂದ್ರ ಹೂಂ ಅನ್ರಿ. ಇಲ್ಲಂದ್ರ ಇಲ್ಲ ಅನ್ರಿ. ನಾನ ಕೈ ಇಳಿಸಿ ಮರತೆನೇನೋ ಅಂತ ನನಗ ನಂದ ಸಂಶೆ ಬರಾಕತ್ತೈತಿ."

"ನೋಡ್ತೀನಿ ಅಮಸಿದ್ದಣ್ಣ" ಅಂದೆ. ಅವನ ಆ ಕೊನೆಯ ಮಾತು ನನ್ನ ಎದೆಗೆ ಹತ್ತಿತು. ಮೂವತ್ತು ವರ್ಷ ದುಡಿದ ಕೈಯನ್ನೇ ಮನುಷ್ಯ ನಂಬದ ಹಾಗೆ ಆಗಬಾರದು.

ಕಾರ್ಖಾನೆಯಲ್ಲಿ ಆಗಲೇ ತೀರ್ಪು ಆಗಿತ್ತು. ಮಾಂತೇಶ ಸಾಹೇಬರು ತಮ್ಮ ಕೋಣೆಯಲ್ಲಿ ಕೂತು ಅಡಿಕೆ ಜಗಿಯುತ್ತ, "ಆಪರೇಟರ್ ನಿದ್ದಿಗಣ್ಣಾಗ ಗುಂಡಿ ಒತ್ಯಾನ. ಮುಗೀತು. ಮುಂದಿನ ಸೋಮವಾರ ವಿಚಾರಣಿ, ಅವತ್ತ ಅಂವನ್ನ ಮನಿಗೆ ಕಳಸೂದು" ಅಂದರು. ಕಾರ್ಡು ಪರೀಕ್ಷೆ ಮಾಡುತ್ತೇನೆ ಅಂದೆ. "ಮಾಡಪಾ, ಯಾರ ಬ್ಯಾಡಂದಾರು? ಆದ್ರ ಗಾಣ ನಿಲ್ಲಬಾರ್ದು ನೋಡು" ಅಂದು ಪಕ್ಕದ ಡಬ್ಬಿಯಲ್ಲಿ ಉಗುಳಿದರು. ಆ ಡಬ್ಬಿಯನ್ನು ದಿನಕ್ಕೆರಡು ಸಲ ತೊಳೆಯುವವನೂ ಒಬ್ಬ ಮನುಷ್ಯ ಅನ್ನುವುದು ಅವರ ತಲೆಗೆ ಯಾವತ್ತೂ ಹೊಳೆದಿರಲಿಕ್ಕಿಲ್ಲ.

ಮೊದಲು ಪ್ರೋಗ್ರಾಮು ನೋಡಿದೆ. ಆರನೆಯ ನಂಬರಿನ ದೀಪ ಹತ್ತದೆ ಕ್ಯಾರಿಯರ್ ಹೊರಡುವ ದಾರಿಯೇ ಇರಲಿಲ್ಲ. ಆರನೆಯದು ಅಮಸಿದ್ದಪ್ಪನ ಚಾಲೂ ಗುಂಡಿ. ಆ ಗುಂಡಿಯನ್ನು ಬಿಚ್ಚಿ ನೋಡಿದೆ, ಸರಿಯಾಗಿತ್ತು. ಒತ್ತಿದರೆ ಕೂಡುತ್ತಿತ್ತು, ಬಿಟ್ಟರೆ ಬಿಡುತ್ತಿತ್ತು. ಕ್ಯಾಬಿನ್‌ನಿಂದ ಕಪಾಟಿನವರೆಗಿನ ತಂತಿಯನ್ನು ಎರಡೂ ಕಡೆ ಬಿಚ್ಚಿ ಮೀಟರ್ ಹಚ್ಚಿದೆ. ಇಲಿ ಕಡಿದಿರಲಿಲ್ಲ, ಸಿಪ್ಪೆ ಸುಲಿದಿರಲಿಲ್ಲ. ಮಧ್ಯಾಹ್ನ ಎರಡು ತಾಸು ಕಪಾಟಿನ ಎದುರು ಕೂತೆ. ದೀಪ ತಣ್ಣಗೆ ಆರಿತ್ತು. ಮರುದಿನವೂ ಮಧ್ಯಾಹ್ನವೇ ನೋಡಿದೆ, ಮತ್ತೆ ಏನೂ ಇಲ್ಲ. ನನ್ನ ಹುಚ್ಚುತನ ನೋಡಿ! ಮುಂಜಾನೆಯ ಮಂಜಿನಲ್ಲಿ ಆದ ತಪ್ಪನ್ನು ಮಟಮಟ ಬಿಸಿಲಿನಲ್ಲಿ ಹುಡುಕುತ್ತಿದ್ದೆ. ಅಪ್ಪ ಇದ್ದಿದ್ದರೆ ತಲೆಯ ಮೇಲೆ ಮೊಟಕುತ್ತಿದ್ದ.

ಮೂರನೆಯ ದಿನ ನಸುಕಿನಲ್ಲಿ ಬಂದೆ. ಚಾಲೂ ಗುಂಡಿಯ ತಂತಿಯನ್ನು ಬೇರೆ ಕಾರ್ಡಿಗೆ ಸಾಗಿಸಿ ಗಾಣ ನಡೆಯಲು ಬಿಟ್ಟು, ಹಳೆಯ ಕಾರ್ಡಿನ ಆರನೆಯ ಜಾಗವನ್ನು ಖಾಲಿ ಇಟ್ಟೆ. ಅಲ್ಲಿಗೆ ಈಗ ಯಾವ ತಂತಿಯೂ ಇಲ್ಲ. ದೇವರು ಬಂದು ಗುಂಡಿ ಒತ್ತಿದರೂ ಆ ದೀಪ ಹತ್ತುವ ಹಾಗಿಲ್ಲ. ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿ ಅದರ ಮೇಲೆ ಕೂತೆ. ಮಂಜು ಕಪಾಟಿನ ಕೆಳಗಿನ ಕಿಂಡಿಯಿಂದ ಒಳಗೆ ಹೋಗುವುದು ಕಾಣಿಸುತ್ತಿತ್ತು.

ಏಳು ಗಂಟೆ ಹತ್ತು ನಿಮಿಷಕ್ಕೆ ಆರನೆಯ ದೀಪ ಹತ್ತಿತು.

ಒಂದು ಗಳಿಗೆ ಉರಿಯಿತು, ಆರಿತು, ಮತ್ತೆ ಹತ್ತಿ ನಿಂತಿತು. ತಂತಿಯೇ ಇಲ್ಲ, ಗುಂಡಿಯೇ ಇಲ್ಲ, ಆದರೂ ಪೆಟ್ಟಿಗೆ "ಚಾಲೂ ಮಾಡು ಅಂದರು" ಅನ್ನುತ್ತಿದೆ. ಅಮಸಿದ್ದಪ್ಪ ಸುಳ್ಳು ಹೇಳಿರಲಿಲ್ಲ. ಎದ್ದು ನಿಂತು "ಅಬ್ಬಾ, ಉಳಕೊಂಡಿ ಅಮಸಿದ್ದಣ್ಣ" ಅಂತ ಒಬ್ಬನೇ ಜೋರಾಗಿ ಹೇಳಿಕೊಂಡೆ.

ಕಾರ್ಡು ಎಳೆದು ತೆಗೆದು, ತಂತಿ ಕೂಡಿಸುವ ಮುಂಭಾಗ ಬಿಚ್ಚಿದೆ. ಮೊದಲು ಬಂದದ್ದು ವಾಸನೆ, ಹಳಸಿದ ಎಣ್ಣೆ ಮತ್ತು ಕೊಳೆತ ಸಿಹಿ ಕೂಡಿದ ವಾಸನೆ. ಆಮೇಲೆ ಇರುವೆಗಳು ನನ್ನ ಮುಂಗೈ ಹತ್ತಿದವು. ತಂತಿ ಬಿಗಿಯುವ ಐದನೆಯ ಮತ್ತು ಆರನೆಯ ತಿರುಪುಗಳ ನಡುವೆ ಕಪ್ಪು ಅಂಟು, ಅದರಲ್ಲಿ ಸತ್ತ ಇರುವೆಗಳ ರಾಶಿ, ತಾಮ್ರಕ್ಕೆ ಕಿಲುಬು ಹಿಡಿದು ಎದ್ದ ಹಸಿರು ಗುಳ್ಳೆ. ಐದನೆಯ ತಿರುಪಿಗೆ ಯಾವಾಗಲೂ ಕರೆಂಟು ಇರುತ್ತದೆ. ಒಣಗಿದಾಗ ಆ ಅಂಟು ಸುಮ್ಮನಿರುತ್ತದೆ, ಮಂಜಿನಲ್ಲಿ ಹಸಿಯಾದರೆ ಐದರಿಂದ ಆರಕ್ಕೆ ಕರೆಂಟು ಹಾಯಿಸುತ್ತದೆ. ಅಂಟಿನ ಮೇಲೆ ಅಲ್ಲಲ್ಲಿ ಹಳದಿ ಪುಡಿ. ಚಿಮಟಿಗೆಯಿಂದ ಕೆದಕಿದೆ. ಒಂದು ಎಳೆ ನಾರು ಬಂತು. ಅದರ ಜೊತೆ ಬೂಸಲು ಹಿಡಿದ ಬಿಳಿಯ ಚೂರು. ಕೊಬ್ಬರಿ!

ಚಿಮಟಿಗೆ ಕೆಳಗಿಟ್ಟೆ. ಆ ಕೊಬ್ಬರಿ ಎಲ್ಲಿಂದ ಬಂತು ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಹಂಗಾಮು ಶುರುವಾದ ದಿನ ಪೂಜೆ ಇತ್ತು. ನಮ್ಮ ಅಧ್ಯಕ್ಷರು ಬಸಗೊಂಡಪ್ಪ ಸಾವುಕಾರರು ತಲೆಗೆ ಜರಿಯ ಪಟಕ ಸುತ್ತಿಕೊಂಡು ಬಂದಿದ್ದರು. ಗಾಣಕ್ಕೆ ಆಯಿತು, ಬಾಯ್ಲರಿಗೆ ಆಯಿತು, ನನ್ನ ಕಪಾಟಿನ ಎದುರು ನಿಂತು "ಇದೇನಿದು?" ಅಂದರು. ಇದೇ ಎಲ್ಲದಕ್ಕೂ ತಲೆ ಇದ್ದ ಹಾಗೆ ಅಂತ ವಿವರಿಸಿದೆ. "ಹಂಗಾರ ಹೊರಗಿನ ತಗಡಿಗೇನ ಪೂಜಿ ಮಾಡೂದು? ಬಾಗಲಾ ತಗೀರಿ, ತಲಿಗೆ ಮಾಡೂಣು" ಅಂದರು ಸಾವುಕಾರರು. ಕೀಲಿಕೈ ನನ್ನ ಸೊಂಟದಲ್ಲಿತ್ತು. ಬೇಡ ಅನ್ನಬಹುದಿತ್ತು. ಆದರೆ ಹನ್ನೊಂದು ವರ್ಷದಲ್ಲಿ ನನ್ನ ಕಪಾಟಿನ ಕಡೆ ತಿರುಗಿ ನೋಡಿದ ಮೊದಲ ದೊಡ್ಡ ಮನುಷ್ಯ ಅವರು. ಹಿಗ್ಗಿ ಹೀರೇಕಾಯಿಯಾಗಿ ನಾನೇ ಬಾಗಿಲು ತೆರೆದೆ. ಅವರು ಕಪಾಟಿನ ಉಕ್ಕಿನ ಅಂಚಿಗೇ ತೆಂಗಿನಕಾಯಿ ಅಪ್ಪಳಿಸಿದರು. ನೀರು ಬುಳುಕ್ಕನೆ ಕಾರ್ಡುಗಳ ಮೇಲೆ ಸಿಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಣುವಷ್ಟನ್ನು ನಾನು ಅರಿವೆಯಿಂದ ಒರೆಸಿದೆ. ಕಾರ್ಡು ಎಳೆದು ಒಳಗೆ ನೋಡಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನನಗೆ ಶಾಲು ಹೊದಿಸುತ್ತಿದ್ದರು.

ಸಾವುಕಾರರು ಅಮಸಿದ್ದಪ್ಪನ ಕಡೆ ತಿರುಗಿ "ನಿಮ್ಮ ಬೀರದೇವ್ರ ಭಂಡಾರಾನೂ ಹಾಕೋ" ಅಂದರು. "ಒಳಗ ಬ್ಯಾಡ್ರಿ ಧಣಿ, ಕರೆಂಟಿನ ಸಾಮಾನ ಐತಿ" ಅಂದವನು ಅವನೊಬ್ಬನೇ. "ಏ, ಹಾಕೋ ಮಾರಾಯಾ!" ಅಂತ ಮಾಂತೇಶ ಸಾಹೇಬರು ಗದರಿದ ಮೇಲೆ ಒಂದು ಚಿಟಿಕೆ ಹಾಕಿದ. ಅದು ಕಾಯಿಯ ನೀರಿಗೆ ಅಂಟಿಕೊಂಡಿತ್ತು, ಅಷ್ಟೇ.

ಹಾಗಂತ ಬಾಯಿಮಾತಿಗೆ ಹೇಳಿದರೆ ಆಗದು. ಹಳೆಯ ಕಾರ್ಡುಗಳಿಂದ ಬಿಚ್ಚಿಟ್ಟಿದ್ದ ಅಂಥವೇ ಎರಡು ಮುಂಭಾಗಗಳನ್ನು ತಂದೆ. ಒಂದಕ್ಕೆ ಬರೀ ಭಂಡಾರ ಉದುರಿಸಿದೆ, ಇನ್ನೊಂದಕ್ಕೆ ಬರೀ ಕಾಯಿಯ ನೀರು ಹಾಕಿ, ಎರಡಕ್ಕೂ ಕರೆಂಟು ಹಚ್ಚಿ ಬಿಟ್ಟೆ. ಮೂರು ದಿನ ನಸುಕಿನಲ್ಲಿ ಅವೆರಡನ್ನೂ ಮಂಜಿಗೆ ಹಿಡಿದು ಅಳೆದೆ. ಭಂಡಾರ ಹಾಕಿದ್ದು ಸುಮ್ಮನಿತ್ತು. ಕಾಯಿಯ ನೀರಿನದು ಮೊದಲ ದಿನವೇ ಹಸಿರು ಕಟ್ಟಿ, ಮೂರನೆಯ ದಿನ ದೀಪ ಹತ್ತಿಸಿತು. ಎಲ್ಲವನ್ನೂ ಬರೆದುಕೊಂಡು, ಕೊಳೆತ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಸೋಮವಾರದ ವಿಚಾರಣೆಗೆ ಒಂದು ತಾಸು ಮೊದಲು ಮಾಂತೇಶ ಸಾಹೇಬರ ಮೇಜಿನ ಮೇಲಿಟ್ಟೆ.

ಅವರು ಚೀಲ ಮೂಸಿ ನೋಡಿ ಮೂಗು ಮುಚ್ಚಿಕೊಂಡರು. ಪೂರ್ತಿ ಕೇಳಿಸಿಕೊಂಡರು. ದಡ್ಡರೇನಲ್ಲ ಅವರು, ಎಲ್ಲ ತಿಳಿಯಿತು. ತಿಳಿದೇ ಕೇಳಿದರು.

"ಈ ಹಳದಿ ಏನಿದು?"

"ಭಂಡಾರರಿ. ಅದರಿಂದ ಏನೂ ಆಗಿಲ್ರಿ, ಅಳದು ನೋಡೇನಿ."

"ಕಣ್ಣಿಗೆ ಕಾಣಾಕತ್ತಿದ್ದು ಅದಲ್ಲೇನೋ? ಅದನ್ನ ಬರಿ. ಆಪರೇಟರ್ ಹಾಕಿದ ಭಂಡಾರದಿಂದ ಕಾರ್ಡ್ ಕೆಟ್ಟೈತಿ ಅಂತ."

"ಸರ್, ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗ ಆತಲ್ರಿ ಇದು! ಕಾಯಿ ಒಡದಾವರು ಸಾವುಕಾರರು."

"ಬಾಗಲಾ ತಗದಾವ ಯಾರು?"

ನನ್ನ ಕೈ ಸೊಂಟದ ಕೀಲಿಕೈಗೆ ಹೋಯಿತು. ಅವರು ಅಡಿಕೆಯನ್ನು ಇನ್ನೊಂದು ದವಡೆಗೆ ಸಾಗಿಸಿ, ನಿಧಾನಕ್ಕೆ, ಮಕ್ಕಳಿಗೆ ಲೆಕ್ಕ ಕಲಿಸುವ ಹಾಗೆ ಹೇಳಿದರು.

"ನೋಡು ನೀಲಕಂಠ. ಕಾಯಿ ಅಂತ ಬರದ್ಯೋ, ನಾ ಈ ಕಾಗದ ಹರೀತೀನಿ. ಆಮ್ಯಾಲ ಉಳಿಯೂದು ಒಂದ ಮಾತು, ಅಮಸಿದ್ದಪ್ಪ ಗುಂಡಿ ಒತ್ಯಾನ. ಭಂಡಾರ ಅಂತ ಬರದ್ಯೋ, ಅಂವ ಒತ್ತಿಲ್ಲ ಅಂತ ಆತು. ನೌಕರಿನೂ ಉಳೀತು, ಮಾನಾನೂ ಉಳೀತು. ದೇವ್ರ ಪ್ರಸಾದ, ಭಕ್ತಿಲೆ ಹಾಕ್ಯಾನ, ಯಾರ ಬೈತಾರ ಅವಂಗ? ನೀನೂ ಉಳದಿ. ಎಲ್ಲಾರೂ ಉಳದ್ರು. ಮತ್ತೇನ ಬೇಕು?"

ಎಲ್ಲರೂ ಉಳಿದರಂತೆ! ಆ ಮಾತು ಕೇಳಿ ನನಗೆ ಅವರ ಮುಖದ ಮೇಲೆ ಆ ಚೀಲ ಸುರಿಯಬೇಕು ಅನ್ನಿಸಿತು. ಸುರಿಯಲಿಲ್ಲ. ಸುಮ್ಮನೆ ಕೂತು, ನನ್ನಷ್ಟಕ್ಕೆ ಒಂದು ವಕೀಲಿ ನಡೆಸಿದೆ. ತಂಗಿ ಕೇಳಿದ್ದೇನು? ಗುಂಡಿ ಒತ್ತಿದೆಯೋ ಇಲ್ಲವೋ ಅಂತ. ಒತ್ತಿಲ್ಲ ಅಂತ ಕಾಗದದಲ್ಲಿ ಬರುತ್ತದೆ. ಅದು ಸತ್ಯವೇ. ಉಳಿದದ್ದು ಹೇಗೆ ಬಂದರೇನು? ಹೀಗೆ ಅಂದುಕೊಂಡು ಬರೆದೆ, ಸಹಿ ಹಾಕಿದೆ. ಈ ವಕೀಲಿಯಲ್ಲಿ ನನ್ನ ಕೀಲಿಕೈಯ ಮಾತು, ನನ್ನ ಶಾಲಿನ ಮಾತು ಎಲ್ಲೂ ಬರದ ಹಾಗೆ ನೋಡಿಕೊಂಡೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಇರುವೆ ಮುತ್ತಿದ ಆ ಕಾರ್ಡಿಗೂ ನನಗೂ ಅವತ್ತು ಹೆಚ್ಚು ವ್ಯತ್ಯಾಸ ಇರಲಿಲ್ಲ.

ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಅಮಸಿದ್ದಪ್ಪನನ್ನು ಹೊರಗೇ ಕೂಡಿಸಿದ್ದರು. ಕಾಗದದ ಒಂದು ಪ್ರತಿ ಕೊಟ್ಟು "ಹೋಗು, ನೀ ಗುಂಡಿ ಒತ್ತಿಲ್ಲ ಅಂತ ಆಗೈತಿ" ಅಂದರು. ಅವನಿಗೆ ಓದು ಬರದು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಬಳಿ ಓಡಿ ಬಂದ. ಕಣ್ಣು ತುಂಬಿದ್ದವು.

"ಸಾಹೇಬ್ರ, ನೀವ ನನ್ನ ಪಾಲಿನ ದೇವ್ರು. ಇನ್ನೊಂದ ಉಪಕಾರ ಮಾಡ್ರಿ. ನಾಳೆ ಹಾಲೇಶಂದು ಡಿಸ್ಚಾರ್ಜ್ ಆಗತೈತಿ. ನಮ್ಮ ಹಣಮವ್ವನ ಮುಂದ ನೀವ ಇದನ್ನ ಓದಿ ಹೇಳ್ರಿ. ನಾ ಹೇಳಿದ್ರ ನಂಬೂದಿಲ್ಲ ಆಕಿ. ನಿಮ್ಮಂಥಾವರು ಓದಿದ್ರ ನಂಬತಾಳ."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವನ ಮುಖದಲ್ಲಿ ಎಂಟು ದಿನಗಳ ಮೇಲೆ ಬಂದ ಬೆಳಕನ್ನು ಆರಿಸಲು ಧೈರ್ಯ ಸಾಲಲಿಲ್ಲ ಅಂತ ಹೇಳಿದರೆ ಕೇಳುವುದಕ್ಕೆ ಛಂದ ಇರುತ್ತದೆ. ಖರೆ ಅಂದರೆ ಹೆದರಿದೆ.

ಮರುದಿನ ಸಂಜೆ ಹಣಮವ್ವನ ಊರಿಗೆ ಹೋದೆವು. ತಗಡಿನ ಮನೆ, ಮುಂದೆ ಕುರಿ ಹಟ್ಟಿ. ಹಾಲೇಶ ಹಗ್ಗದ ಹೊರಸಿನ ಮೇಲೆ ಕೂತಿದ್ದ, ಬಲಗೈಗೆ ದಪ್ಪ ಬ್ಯಾಂಡೇಜು. ನನ್ನನ್ನು ಕಂಡು ಎಡಗೈ ಎತ್ತಿ "ಬರ್ರಿ ಸಾಹೇಬ್ರ" ಅಂದ. ಹಣಮವ್ವ ನನಗೊಂದು ಕಂಬಳಿ ಹಾಸಿಕೊಟ್ಟಳು. ಅಣ್ಣನಿಗೆ ಕೂಡು ಅನ್ನಲಿಲ್ಲ, ಅವನು ಅಂಗಳದಲ್ಲೇ ನಿಂತ.

"ಹಣಮವ್ವ, ವಿಚಾರಣಿ ಆತು. ನಾನ ಪರೀಕ್ಷಾ ಮಾಡಿ ಬರದೇನಿ. ಓದ್ತೀನಿ ಕೇಳು" ಅಂದೆ. ಓದಿದೆ: "ಅಪಘಾತದ ಸಮಯದಲ್ಲಿ ಆಪರೇಟರ್ ಅಮಸಿದ್ದಪ್ಪ ಚಾಲನಾ ಗುಂಡಿಯನ್ನು ಒತ್ತಿರುವುದಿಲ್ಲ."

"ಅಂದ್ರ?"

"ಅಂದ್ರ ನಿಮ್ಮಣ್ಣ ಗುಂಡಿ ಮುಟ್ಟಿಲ್ಲವ್ವ. ಮಷೀನ ತಾನ ಹೊಂಟೈತಿ."

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಗಳಗಳ ಅತ್ತಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಅಣ್ಣನ ಮುಂದಿಟ್ಟು, "ಕೂಡಣ್ಣ, ನಿಂತ ಯಾಕ ಇದ್ದಿ" ಅಂದಳು. ಅವನು ಕುಸಿದ ಹಾಗೆ ಕೂತ. ನಾನು ಕಾಗದ ಮಡಚಿದೆ. ಇಲ್ಲಿಗೆ ಮುಗಿಯಲಿ ದೇವರೇ ಅಂದುಕೊಂಡೆ.

ಹಾಲೇಶ ಕೇಳಿದ. ಕೇಳದೆ ಹೇಗಿದ್ದಾನು, ಬೆರಳು ಅವನವು.

"ಮತ್ತ ಹೆಂಗ ಹೊಂಟಿತರಿ ಸಾಹೇಬ್ರ? ಅದನ್ನೂ ಬರದಿರಬೇಕಲ್ಲ. ಓದ್ರಿ."

ಮಡಿಕೆ ಬಿಚ್ಚಿದೆ. ಬೇರೆ ಏನಾದರೂ ಓದಿ ಹೇಳಬಹುದಿತ್ತು. ಅಲ್ಲಿ ಯಾರಿಗೂ ಓದು ಬರುತ್ತಿರಲಿಲ್ಲ. ಆದರೆ ಕಾಗದ ನಾಳೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಓದಿದೆ: "ಸದರಿ ಆಪರೇಟರ್ ಪೂಜೆಯ ದಿನ ಹಾಕಿದ ಭಂಡಾರವು ಕಾರ್ಡಿನೊಳಗೆ ಸೇರಿ, ಯಂತ್ರವು ತಾನಾಗಿ ಚಾಲನೆಗೊಂಡಿರುತ್ತದೆ."

ಹಟ್ಟಿಯಲ್ಲಿ ಒಂದು ಕುರಿ ಕೆಮ್ಮಿತು. ಅಮಸಿದ್ದಪ್ಪ ತಂಬಿಗೆಯನ್ನು ಬಾಯಿಯವರೆಗೆ ಎತ್ತಿದವನು ಕೆಳಗಿಟ್ಟ.

"ನಾ ಹಾಕಿದ್ದೇನ್ರಿ?" ಅಂದ.

ನಾನು ಕಾಗದದ ಮೇಲೆಯೇ ಕಣ್ಣಿಟ್ಟೆ.

"ನಮ್ಮ ಬೀರದೇವ್ರ ಭಂಡಾರರಿ ಅದು. ಕೂಸಿಗೆ ಜ್ವರಾ ಬಂದ್ರ ಹಚ್ತೀವಿ, ಕುರಿ ಮರಿ ಹಾಕಿದ್ರ ಹಚ್ತೀವಿ. ಅದು ಇವನ ಬೆರಳ ತಿಂತೇನ್ರಿ?" ಹಣೆಯ ಮೇಲಿನ ಭಂಡಾರ ಮುಟ್ಟಿಕೊಂಡ. "ಹಂಗಾರ ನಾನ ಗುಂಡಿ ಒತ್ತಿದ್ರ ಛಲೋ ಇತ್ತರಿ ಸಾಹೇಬ್ರ. ಮನಿಶ್ಯಾ ತಪ್ಪತಾನ. ಇದಕ್ಕ ಏನಂತ ತಿಳಕೊಳ್ಳಲಿ ನಾ?"

ಅವನು ಪಂಚೆಯ ತುದಿಯಿಂದ ಹಣೆ ಒರೆಸಿಕೊಳ್ಳತೊಡಗಿದ. ಒರೆಸಿದ್ದನ್ನೇ ಒರೆಸಿದ. ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ಬಿಡ ಅಮಸಿದ್ದಣ್ಣ, ಸುಳ್ಳ ಅದು!" ಅಂತ ಕೂಗಿದೆ. "ನಿನ್ನ ಭಂಡಾರದಿಂದ ಏನೂ ಆಗಿಲ್ಲ. ಸಾವುಕಾರ ಒಡದ ಕಾಯಿ ನೀರದು. ಬಾಗಲಾ ತಗದಾವ ನಾನು. ನೀ ಬ್ಯಾಡ ಅಂದ್ರೂ ಹಾಕಸಿದ್ರು. ನಾ ಅಳದು ನೋಡೇನಿ. ಮಾಂತೇಶ ಸಾಹೇಬ್ರು ಹಿಂಗ ಬರಿ ಅಂದ್ರು, ಹೆದರಿ ಬರದೆ. ಸುಳ್ಳ ಬರದೇನಿ."

ಅಮಸಿದ್ದಪ್ಪ ಮೆಲ್ಲಗೆ ತಲೆ ಅಲ್ಲಾಡಿಸಿದ. "ನನ್ನ ಸಮಾಧಾನಕ್ಕ ಅಂತೀರಿ ಸಾಹೇಬ್ರ. ದೊಡ್ಡ ಮನಸು ನಿಮ್ದು" ಅಂದ.

ಹಣಮವ್ವ ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದಳು. ಕಣ್ಣೀರು ಒಣಗಿತ್ತು. ಬಂದು ನನ್ನ ಕೈಯಲ್ಲಿದ್ದ ಕಾಗದದ ಕೆಳಗಿನ ತುದಿ ಮುಟ್ಟಿ ತೋರಿಸಿದಳು.

"ಈ ಸಹಿ ನಿಮ್ದ ಏನ್ರಿ?"

"ಹೌದವ್ವ."

"ಇದರಾಗ ಭಂಡಾರದ ಮಾತ ಸುಳ್ಳಂತೀರಿ."

"ಸುಳ್ಳವ್ವ. ನನ್ನ ಮಕ್ಕಳ ಆಣಿ."

"ನಮ್ಮಣ್ಣ ಗುಂಡಿ ಒತ್ತಿಲ್ಲ ಅನ್ನೂದನ್ನೂ ನೀವ ಬರದೀರಿ. ಇದ ಕಾಗದದಾಗ, ಇದ ಕೈಲೆ. ಅವರ ಹೇಳಿದಂಗ ಬರಿಯಾವರು ನೀವು. ಅದನ್ನೊಂದ ಖರೆ ಅಂತ ನಾ ಹೆಂಗ ನಂಬಲಿ?"

ತಂತಿ ಬಿಚ್ಚಿದ ಜಾಗದಲ್ಲಿ ದೀಪ ಹತ್ತಿದ್ದನ್ನು ಹೇಳಿದೆ. ಐದನೆಯ ತಿರುಪು, ಆರನೆಯ ತಿರುಪು, ಮಂಜು, ಇರುವೆ, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೋದಷ್ಟೂ ಅದು ನನಗೇ ಕಟ್ಟುಕತೆಯ ಹಾಗೆ ಕೇಳತೊಡಗಿತು. ಆ ಕಾರ್ಡನ್ನಾದರೂ ತಂದು ತೋರಿಸೋಣ ಅಂದರೆ ಅದು ಮಾಂತೇಶ ಸಾಹೇಬರ ಮೇಜಿನಿಂದ ಸೋಮವಾರವೇ ಬಾಯ್ಲರಿನ ಬೆಂಕಿಗೆ ಹೋಗಿತ್ತು. ಹಾಲೇಶ ಮುಖ ಆ ಕಡೆ ತಿರುಗಿಸಿ ಮಲಗಿದ. ಅಮಸಿದ್ದಪ್ಪ ಕೂತಲ್ಲೇ ತಂಗಿಯ ಕಡೆ ನೋಡುತ್ತಿದ್ದ.

ಹಣಮವ್ವ ಅವನ ಮುಂದಿದ್ದ ನೀರಿನ ತಂಬಿಗೆಯನ್ನು ಎತ್ತಿಕೊಂಡು ಒಳಗೆ ಹೋದಳು.